ಬಿಟ್ಟ ಕುಡಿತ ಮರಳಿ ಕರೆದಾಗ

ಬೆಲ್ಲದ ಬಾಗೇವಾಡಿಯಂತಹ ಕಬ್ಬಿನ ಸೀಮೆಯಲ್ಲಿ, ಹೊಸದಾಗಿ ಕುಡಿತ ಬಿಟ್ಟವನಿಗೆ ಸಂತೆಯ ದಿನವೂ ಕಬ್ಬಿನ ಬಿಲ್ಲು ಬ್ಯಾಂಕಿಗೆ ಬಂದ ದಿನವೂ ಕಠಿಣವಾದವು. ಕುಡಿಯಬೇಕೆಂಬ ಬಯಕೆಯು ಹಸಿವು, ದಣಿವುಗಳಿಂದ ಹೆಚ್ಚುತ್ತದೆ. ಬಹುಮಟ್ಟಿಗೆ ಅರ್ಧ ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ. ಬಯಕೆ ಬಂದುದನ್ನು ಪತಿಯು ಮುಚ್ಚಿಡದೆ ಪತ್ನಿಗೆ ಹೇಳಲಿ, ಮೊದಲು ಊಟ ಮಾಡಲಿ. ಹಣ ತರಲು ದಂಪತಿಗಳು ಕೂಡಿಯೇ ಹೋಗುವುದು ಲೇಸು.

ಒಮ್ಮೆ ಕುಡಿದೊಡನೆ ಬಿಟ್ಟ ದಿನಗಳೆಲ್ಲ ವ್ಯರ್ಥವಾಗುವುದಿಲ್ಲ. ಆ ರಾತ್ರಿಯ ಜಗಳದಿಂದ ಪ್ರಯೋಜನವೂ ಇಲ್ಲ. ಮರುದಿನವೇ ವೈದ್ಯರನ್ನು ಕಾಣಬೇಕು. ಪತಿಗೆ ತಿಳಿಯದಂತೆ ಊಟದಲ್ಲಿ ಔಷಧಿ ಬೆರೆಸುವುದಂತೂ ಸಲ್ಲದು. ಡೈಸಲ್ಫಿರಾಮ್ ಹೊಟ್ಟೆಯಲ್ಲಿರುವುದನ್ನು ಅರಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ನಿತ್ಯವೂ ಕುಡಿಯುತ್ತಿದ್ದವನು ಥಟ್ಟನೆ ಬಿಟ್ಟಾಗ ನಡುಕ, ಮೂರ್ಛೆ, ಭ್ರಮೆ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಸಲಹೆಗಾಗಿ ಟೆಲಿ ಮಾನಸ್ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು.