ನೆಯ್ಗೆ, ಕಸೂತಿಗಳ ಪ್ರದರ್ಶನವನ್ನು ಏರ್ಪಡಿಸುವ ಕ್ರಮ

ಎರ್ಮಾಳಿನಲ್ಲಿ ವಾಸವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಕೆಲವರು ತಮ್ಮ ಊರಿನಲ್ಲಿ ಕೈಮಗ್ಗದ ಬಟ್ಟೆಗಳನ್ನೂ ಸೂಜಿಕೆಲಸವನ್ನೂ ಪ್ರದರ್ಶನಕ್ಕಿಡಬೇಕೆಂದು ಅಪೇಕ್ಷಿಸಿ, ಅದರ ಕ್ರಮವೇನೆಂದು ನಮ್ಮನ್ನು ಕೇಳಿರುತ್ತಾರೆ. ಮೇಜಿನ ಮೇಲೆ ಬಟ್ಟೆ ಹರಡಿ, ದೊಡ್ಡವರೊಬ್ಬರ ಕೈಯಿಂದ ಟೇಪು ಕತ್ತರಿಸಿದರೆ ಪ್ರದರ್ಶನವಾಯಿತೆಂದು ಎಣಿಸುವವರು ಬಹಳ ಮಂದಿ ಉಂಟು. ಇಂಥ ಸ್ಥಳಗಳಲ್ಲಿ ಉದ್ಘಾಟಕರ ಹೆಸರು ಬಾಗಿಲಲ್ಲಿಯೇ ಕಾಣುತ್ತದೆ. ನೆಯ್ದವರ ಹೆಸರು ಎಲ್ಲಿಯೂ ಕಾಣುವುದಿಲ್ಲ. ಆದುದರಿಂದ ಮೊದಲು ಹೆಸರಿನ ವಿಷಯವನ್ನೇ ವಿಚಾರಿಸೋಣ.

1851ರಲ್ಲಿ ಲಂಡನ್ ಪಟ್ಟಣದ ಮಹಾಪ್ರದರ್ಶನದಲ್ಲಿ ನಮ್ಮ ದೇಶದ ಬಟ್ಟೆಗಳು ಬಹು ಪ್ರಶಂಸೆಯನ್ನು ಪಡೆದವು. ತರುವಾಯ 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬವರು ಇಲ್ಲಿನ ಬಟ್ಟೆಗಳ 700 ಮಾದರಿ ತುಂಡುಗಳನ್ನು 18 ಸಂಪುಟಗಳಲ್ಲಿ ಸೇರಿಸಿ, ಅಂಥ 20 ಪ್ರತಿಗಳನ್ನು ಸಿದ್ಧಪಡಿಸಿದರು. ನಮ್ಮ ಜನರಿಗೆ ಯಾವ ಬಟ್ಟೆ ರುಚಿಸುವುದೆಂಬುದನ್ನು ಅಲ್ಲಿನ ಗಿರಣಿಯವರು ತಿಳಿದು, ಅದರಂತೆ ನೆಯ್ದು ಇಲ್ಲಿ ಮಾರಬೇಕೆಂಬುದೇ ಉದ್ದೇಶ. ತುಂಡುಗಳನ್ನು ಎಷ್ಟೋ ಜಾಗ್ರತೆಯಿಂದ ಅಂಟಿಸಿದ್ದರೂ ಅದರ ಲಾಭವು ನೆಯ್ದವನ ಮನೆಗೆ ಬರಲಿಲ್ಲ. ಅದೇ 1851ರಲ್ಲಿ ಬಾಸೆಲ್ ಮಿಶನಿನ ಜಾನ್ ಹಾಲರ್ ಮಂಗಳೂರಿಗೆ ಬಂದರು. ನೆಯ್ಗೆಯ ಕಾರ್ಖಾನೆಯೊಂದಿಗೂ ಖಾಕಿ ಬಣ್ಣದೊಂದಿಗೂ ಅವರ ಹೆಸರು ಇಂದಿಗೂ ಕೂಡಿಕೊಂಡಿದೆ. ಆ ಮಗ್ಗಗಳ ಮುಂದೆ ಕುಳಿತವರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಹೇಳಬಲ್ಲವರು ಯಾರು?

ದೂರ ಹೋಗುವುದು ಬೇಡ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆದರೂ 2018ರಲ್ಲಿ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಎಂಟೇ ಮಂದಿ ನೇಕಾರರು ಉಳಿದಿದ್ದರು, ಅವರೂ ವಯಸ್ಸಾದವರು. ಆಗ ಕದಿಕೆ ಟ್ರಸ್ಟಿನವರು ಸಂಘದೊಡನೆ ಕೂಡಿ ಈ ನೆಯ್ಗೆಯನ್ನು ಮತ್ತೆ ಎತ್ತಿ ನಿಲ್ಲಿಸುವುದಕ್ಕೆ ತೊಡಗಿದರು. ಅಡಿಕೆಯ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟುವುದನ್ನೂ ಆರಂಭಿಸಿದರು. ಪ್ರದರ್ಶನ ನಡೆಸುವವರು ಮೊದಲು ತಾಳಿಪಾಡಿಗೆ ಹೋಗಿ ಮಗ್ಗದ ಬಳಿ ಒಂದು ದಿನ ಕುಳಿತು ಬರತಕ್ಕದ್ದು. ನೋಡದೆ ಬರೆದ ಚೀಟಿ ಸುಳ್ಳು ಹೇಳುತ್ತದೆ.

ಚೀಟಿಯಲ್ಲಿ ಮೊದಲ ಸಾಲು ಮಾಡಿದವರ ಹೆಸರು. ಆ ಮೇಲೆ ಊರು, ನೂಲು, ಬಣ್ಣ, ಕೆಲಸಕ್ಕೆ ಹಿಡಿದ ದಿನಗಳು, ಬೆಲೆ. ದಿನಗಳ ಲೆಕ್ಕವನ್ನು ಓದಿದ ಮೇಲೆ ಬೆಲೆಯನ್ನು ಜಗ್ಗಾಡುವವರು ಕಡಿಮೆ. ಚೀಟಿಯು ಕನ್ನಡದಲ್ಲಿರಲಿ. ನೆಯ್ದವಳಿಗೆ ತನ್ನ ಹೆಸರನ್ನು ತಾನೇ ಓದಲು ಸಾಧ್ಯವಾಗಬೇಕಷ್ಟೆ!

ಕಾಲದ ವಿಷಯ. ತುಳುನಾಡಿನ ಜಾತ್ರೆಗಳು ಎರ್ಮಾಳಿನಿಂದ ತೊಡಗಿ ಖಂಡೇವಿನಲ್ಲಿ ಮುಗಿಯುತ್ತವೆಂದು ಹಿರಿಯರು ಹೇಳುವುದುಂಟು. ಆ ಒಣ ತಿಂಗಳುಗಳೇ ಬಟ್ಟೆಗೂ ಹಿತ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಗುಂಡುಸೂಜಿಯನ್ನು ಸರ್ವಥಾ ಚುಚ್ಚಕೂಡದು. ಕಡಲ ಗಾಳಿಗೆ ತುಕ್ಕು ಹಿಡಿದು ಕಲೆ ನಿಲ್ಲುವುದು. ನಯವಾದ ಬಿದಿರ ಗಳುವಿಗೆ ಹಳೆಯ ಹತ್ತಿಬಟ್ಟೆಯನ್ನು ಸುತ್ತಿ, ಅದರ ಮೇಲೆ ಸೀರೆಯನ್ನು ಅಗಲವಾಗಿ ಇಳಿಯಬಿಟ್ಟರೆ ಭಾರವು ಸಮನಾಗಿ ಹಂಚುವುದು, ಅಂಚೂ ಸೆರಗೂ ಒಂದೇ ನೋಟಕ್ಕೆ ಕಾಣುವವು. ಬಿಸಿಲು ಬೀಳುವ ಕಿಟಕಿಯ ಎದುರು ಯಾವುದನ್ನೂ ಇಡಬೇಡಿರಿ. ಅರಸಿನದ ಬಣ್ಣವಂತೂ ಬೇಗನೆ ಮಾಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆಗೆ 50 ಲಕ್ಸಿನಷ್ಟು ಮಂದವಾದ ಬೆಳಕು ಸಾಕೆಂದು ಇಟ್ಟುಕೊಂಡಿದ್ದಾರೆ.

ಧಾರವಾಡ ಸೀಮೆಯ ಕಸೂತಿಯನ್ನು ಇಡುವುದಾದರೆ ಗೋಡೆಗೆ ಒತ್ತಿ ಹೊಡೆಯದೆ, ನಡುಮನೆಯಲ್ಲಿ ತೂಗಬಿಡಿರಿ. ಗವಂತಿ, ಮುರಗಿ ಹೊಲಿಗೆಗಳು ಗಂಟಿಲ್ಲದೆ, ಬಟ್ಟೆಯ ಎಳೆಗಳನ್ನು ಎಣಿಸಿ ಹಾಕಿದವು; ಎರಡು ಬದಿಯೂ ಒಂದೇ ರೂಪು. ಹಿಂಬದಿಯನ್ನು ಕಾಣಿಸದಿದ್ದರೆ ಆ ಹೆಣ್ಣುಮಗಳ ಜಾಣ್ಮೆಯ ಅರ್ಧವನ್ನು ಬಚ್ಚಿಟ್ಟಂತಾಯಿತು. ಮುಟ್ಟಬೇಡಿರೆಂದು ಎಷ್ಟು ಬರೆದರೂ ಜನರು ಮುಟ್ಟಿಯೇ ಮುಟ್ಟುವರು, ನಾವೂ ಮುಟ್ಟುತ್ತೇವೆ. ಅದಕ್ಕಾಗಿಯೇ ಒಂದು ತುಂಡನ್ನು ಬೇರೆ ಇಟ್ಟುಬಿಡುವುದು ಲೇಸು.

ಇನ್ನು ಪ್ರಾರಂಭೋತ್ಸವ. 2023ರ ಜುಲೈಯಲ್ಲಿ ಹಂಪೆಯಲ್ಲಿ ಜಿ-20 ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರು ಸೇರಿ ಮಾಡಿದ 1755 ವಸ್ತುಗಳನ್ನು ಪ್ರದರ್ಶಿಸಿದಾಗ ಅದು ಗಿನ್ನೆಸ್ ದಾಖಲೆಯಾಯಿತು. ಸಂಡೂರಿನ ಕುಶಲ ಕಲಾ ಕೇಂದ್ರದ ಆ ಸ್ತ್ರೀಯರಿಗೆ ಇದು ಗೌರವವೇ ಸರಿ. ಅಷ್ಟು ದೊಡ್ಡ ಸಭೆಯಲ್ಲಿ ಪ್ರತಿಯೊಬ್ಬಳನ್ನು ಹೆಸರೆತ್ತಿ ಕರೆಯುವುದು ಕಷ್ಟ. ಇಪ್ಪತ್ತು ವಸ್ತುಗಳ ಸಣ್ಣ ಪ್ರದರ್ಶನದಲ್ಲಿ ಅದು ಸುಲಭ, ಮಾಡದಿರುವುದಕ್ಕೆ ನೆವವಿಲ್ಲ. ನೇಕಾರರನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿರಿ. ದೀಪ ಹಚ್ಚುವುದಾಗಲಿ ಟೇಪು ಕತ್ತರಿಸುವುದಾಗಲಿ ಅವರಲ್ಲಿ ಹಿರಿಯರಿಂದಲೇ ನಡೆಯಲಿ. ಒಂದು ದಿನದ ಕೂಲಿಯನ್ನು ಬಿಟ್ಟು ಬಂದವರಿಗೆ ಆ ಕೂಲಿಯನ್ನೂ ಬಸ್ಸಿನ ಹಣವನ್ನೂ ಮೊದಲೇ ಕೊಟ್ಟಿರಬೇಕು. ಹೂವಿನ ಹಾರದಿಂದ ಮನೆಯ ಒಲೆ ಉರಿಯದು. ಭಾಷಣಗಳು ಎರಡಕ್ಕಿಂತ ಹೆಚ್ಚು ಬೇಡ. ಸಾಧ್ಯವಿದ್ದರೆ ಒಂದು ಚಿಕ್ಕ ಮಗ್ಗವನ್ನು ತರಿಸಿ, ಲಾಳಿಯು ಓಡುವುದನ್ನು ಮಕ್ಕಳಿಗೆ ತೋರಿಸಿರಿ.

ಮುಗಿದ ದಿನವೇ ಮಾರಾಟದ ಲೆಕ್ಕವನ್ನು ಮಾಡಿದವರ ಎದುರಿನಲ್ಲಿ ಓದಿ ಹಣವನ್ನು ಒಪ್ಪಿಸತಕ್ಕದ್ದು. ಮಾರದೆ ಉಳಿದ ಸೀರೆಗಳನ್ನು ಹಳೆಯ ಮಡಿಕೆಯ ಗೆರೆಯಲ್ಲಿ ಮಡಿಸದೆ, ಹೊಸ ಮಡಿಕೆ ಹಾಕಿ, ತೊಳೆದ ಹತ್ತಿಬಟ್ಟೆಯಲ್ಲಿ ಕಟ್ಟಿ, ಅವರವರ ಮನೆಗೆ ಮುಟ್ಟಿಸಿರಿ.