ಮೆದುಳಿನ ಕಸ ತೆಗೆಯುವ ಜೀವಕೋಶಗಳು

ಪ್ರಥಮ ಪಿಯುಸಿಯಲ್ಲಿ ಪ್ರೋಟೀನಿನ ರಚನೆ ಓದುವಾಗ, ಅಮೈನೋ ಆಮ್ಲಗಳ ಸರಪಳಿ ಸರಿಯಾಗಿ ಮಡಚಿಕೊಂಡರೆ ಮಾತ್ರ ಪ್ರೋಟೀನು ತನ್ನ ಕೆಲಸ ಮಾಡುತ್ತದೆ ಎಂದು ಬರೆದುಕೊಂಡಿದ್ದೀರಿ. ತಪ್ಪಾಗಿ ಮಡಚಿಕೊಂಡರೆ ಏನಾಗುತ್ತದೆ? ಆ ಪಾಠದ ದಿನವೇ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ನಮ್ಮ ದಾದಿಗೆ ನನ್ನ ಹೆಸರು ನೆನಪಾಗವಲ್ದು. ವಯಸ್ಸಾದ್ಮ್ಯಾಲೆ ಎಲ್ಲಾರಿಗೂ ಹಿಂಗ ಆಗ್ತದೇನ್ರಿ?"

ಎಲ್ಲರಿಗೂ ಆಗುವುದಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಬೇರೆ, ಮೊಮ್ಮಕ್ಕಳನ್ನೇ ಗುರುತಿಸದಿರುವುದು ಬೇರೆ. ಎರಡನೆಯದನ್ನು ವೈದ್ಯರಿಗೆ ತೋರಿಸಲೇಬೇಕು. ಬಿ12 ಜೀವಸತ್ವ ಅಥವಾ ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿಯೂ ಮರೆವು ಬರುತ್ತದೆ, ಅದಕ್ಕೆ ಔಷಧವಿದೆ. ಆದರೆ ಮರೆವಿನ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್. 1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್, ತೀರಿಕೊಂಡ ರೋಗಿಯೊಬ್ಬರ ಮೆದುಳಿನಲ್ಲಿ ನರಕೋಶಗಳ ನಡುವೆ ಗಟ್ಟಿ ಚುಕ್ಕೆಗಳನ್ನೂ, ಕೋಶಗಳ ಒಳಗೆ ಗಂಟು ಬಿದ್ದ ಎಳೆಗಳನ್ನೂ ಕಂಡಿದ್ದನ್ನು ವಿವರಿಸಿದರು. ಚುಕ್ಕೆಗಳು ಅಮೈಲಾಯ್ಡ್ ಬೀಟಾ, ಗಂಟುಗಳು ಟಾವ್ ಎಂಬ ಪ್ರೋಟೀನು. ಎರಡೂ ತಪ್ಪಾಗಿ ಮಡಚಿಕೊಂಡು ಒಂದಕ್ಕೊಂದು ಅಂಟಿದವು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೀಗೆ ಅಂಟುವುದು ಆಲ್ಫಾ ಸಿನ್ಯೂಕ್ಲೀನ್.

ಇವನ್ನು ತೆಗೆದುಹಾಕುವ ಕೋಶಗಳು ಮೆದುಳಿನಲ್ಲೇ ಇವೆ. ಹೆಸರು ಮೈಕ್ರೋಗ್ಲಿಯಾ. ಭ್ರೂಣ ಬೆಳೆಯುವ ಆರಂಭದಲ್ಲೇ ಹಳದಿ ಚೀಲದಿಂದ ಮೆದುಳಿಗೆ ಬಂದು ನೆಲೆಸುವ ರಕ್ಷಕ ಕೋಶಗಳಿವು. 2005ರಲ್ಲಿ ಜೀವಂತ ಇಲಿಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸುಮ್ಮನಿವೆ ಎಂದುಕೊಂಡಿದ್ದ ಈ ಕೋಶಗಳು ತಮ್ಮ ಕೈಗಳನ್ನು ಚಾಚಿ ಸುತ್ತಮುತ್ತ ತಡಕಾಡುತ್ತಲೇ ಇದ್ದವು! ಕೆಟ್ಟ ಪ್ರೋಟೀನು ಸಿಕ್ಕರೆ ಅದನ್ನು ಸುತ್ತುವರಿದು ನುಂಗುತ್ತವೆ. ನುಂಗಿದ್ದು ಲೈಸೋಸೋಮಿಗೆ ಹೋಗಿ, ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಕಿಣ್ವಗಳಿಂದ ಚೂರಾಗುತ್ತದೆ. ನೀವು ಓದಿದ ಅದೇ ಲೈಸೋಸೋಮು.

ಹಾಗಾದರೆ ಕಾಯಿಲೆ ಏಕೆ ಬರುತ್ತದೆ? ನಮ್ಮ ಮಲಪ್ರಭಾ ಕಾಲುವೆಯನ್ನು ನೆನೆಯಿರಿ. ಹೂಳು ಬರುವುದಕ್ಕಿಂತ ನಿಧಾನವಾಗಿ ತೆಗೆದರೆ ಕಾಲುವೆ ಕಟ್ಟುತ್ತದೆ. ಮೆದುಳಿನಲ್ಲಿ ಈ ಹೂಳು ಮರೆವು ಕಾಣುವುದಕ್ಕೆ ಹದಿನೈದು, ಇಪ್ಪತ್ತು ವರ್ಷ ಮೊದಲೇ ಸೇರತೊಡಗುತ್ತದೆ. ವಯಸ್ಸಾದ ಮೈಕ್ರೋಗ್ಲಿಯಾ ನುಂಗಿದ್ದನ್ನು ಅರಗಿಸಲಾರದೆ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತಲೇ ಇರುತ್ತದೆ. ಇಲಿಗಳಲ್ಲಿ ಕಂಡಂತೆ, ಉಪಯೋಗವಿರುವ ನರಸಂಧಿಗಳನ್ನೂ ತಿಂದುಬಿಡುತ್ತದೆ. ಕಾಯುವವನೇ ಮನೆ ಕೆಡಿಸಿದಂತೆ. ಈ ಕೋಶಗಳ ಮೇಲಿರುವ ಟ್ರೆಮ್-2 ಎಂಬ ಗ್ರಾಹಕದ ಜೀನಿನಲ್ಲಿ ಒಂದು ಅಪರೂಪದ ಬದಲಾವಣೆ ಇದ್ದವರಿಗೆ ಆಲ್ಝೈಮರ್ ಅಪಾಯ ಹಲವು ಪಟ್ಟು ಹೆಚ್ಚೆಂದು 2013ರಲ್ಲಿ ತಿಳಿಯಿತು. ಮೈಕ್ರೋಗ್ಲಿಯಾ ಬರೀ ನೋಡುತ್ತ ನಿಂತಿರುವುದಲ್ಲ ಎಂಬುದಕ್ಕೆ ನನಗೆ ಇದೇ ದೊಡ್ಡ ಸಾಕ್ಷಿ.

2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬ ಪ್ರತಿಕಾಯವು ಅಮೈಲಾಯ್ಡಿಗೆ ಅಂಟಿಕೊಂಡು, ಇದನ್ನು ನುಂಗು ಎಂದು ಮೈಕ್ರೋಗ್ಲಿಯಾಕ್ಕೆ ಗುರುತು ತೋರಿಸುತ್ತದೆ. 18 ತಿಂಗಳ ಪರೀಕ್ಷೆಯಲ್ಲಿ ಕಾಯಿಲೆ ಏರುವ ವೇಗ ಸುಮಾರು ಶೇ. 27ರಷ್ಟು ತಗ್ಗಿತು. ಗುಣವಾಗಲಿಲ್ಲ. ಕೆಲವರಿಗೆ ಮೆದುಳು ಊದಿಕೊಂಡಿತು, ರಕ್ತ ಸೋರಿತು. ಪತ್ರಿಕೆಗಳಲ್ಲಿ "ಮರೆವಿಗೆ ಮದ್ದು" ಎಂಬ ತಲೆಬರಹ ಕಂಡರೆ ಈ ಅಂಕಿಯನ್ನು ನೆನಪಿಡಿ.

ನಮ್ಮ ರಾಜ್ಯದಲ್ಲೂ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ. ತೀರಿಕೊಂಡವರ ಮನೆಯವರು ಒಪ್ಪಿ ಕೊಟ್ಟ ಮೆದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡುತ್ತಾರೆ. ಅಲ್ಲಿಯ ಸಂಗ್ರಹಾಲಯದಲ್ಲಿ ನಿಜವಾದ ಮಾನವ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಬೆಂಗಳೂರಿಗೆ ಹೋದರೆ ನೋಡಿ ಬನ್ನಿ.