ಹೆಡ್ ಕೂರಿಸುವ ಮುನ್ನ

ನೋಡಪ್ಪ, ಮಾರುತಿ 800ರ ಹೆಡ್ ಫೇಸಿಂಗ್ ಮಾಡಿಸಿಕೊಂಡು ಬಂದಿದ್ದೀಯ. ಕಂಪ್ರೆಷನ್ ಏರಿತಲ್ಲ, ಇನ್ನು ಪವರ್ ಪೆಟ್ರೋಲ್ ಹಾಕಿದರೆ ಸಾಕಲ್ವಾ ಮಾವ ಅಂತ ಕೇಳಿದೆ. ಎಷ್ಟು ಏರಿತು ಅಂತ ಮೊದಲು ಹೇಳು. ಅದು ಗೊತ್ತಿಲ್ಲದೆ ಪೆಟ್ರೋಲಿನ ಮಾತೇ ಬೇಡ.

ಆ ಎಂಜಿನ್ನಿನ ಬೋರು 68.5 ಮಿಲಿಮೀಟರ್, ಸ್ಟ್ರೋಕು 72. ಸಿಲಿಂಡರ್ ಒಂದಕ್ಕೆ ಸುಮಾರು 265 ಸಿಸಿ. ಕಂಪ್ರೆಷನ್ 8.7 ಇದ್ದಾಗ, ಪಿಸ್ಟನ್ ತುದಿ ಮುಟ್ಟಿದ ಮೇಲೆ ಉಳಿಯುವ ಜಾಗ ಮೂವತ್ತನಾಲ್ಕೂವರೆ ಸಿಸಿ. ಅದರಲ್ಲಿ ಮೂರೂವರೆ ಹೋಯಿತು ಅಂತಿಟ್ಟುಕೊ, ಉಳಿದದ್ದು 31. 265ನ್ನು 31ರಿಂದ ಭಾಗಿಸಿ ಒಂದು ಕೂಡಿಸು: 9.5 ದಾಟಿತು. ಸ್ವಲ್ಪವೇ ಲೋಹ ಹೋದರೂ ಲೆಕ್ಕ ಇಷ್ಟು ಬದಲಾಗುತ್ತದೆ. ಹಾಗಾಗಿ ಹೆಡ್ ಕೂರಿಸುವ ಮುಂಚೆ ವಾಲ್ವು, ಪ್ಲಗ್ಗು ಹಾಕಿ, ಗ್ರೀಸ್ ಸವರಿದ ಗಾಜಿನಂಥ ಪ್ಲಾಸ್ಟಿಕ್ ಹಲಗೆ ಮುಚ್ಚಿ, ಅದರ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಬಿಟ್ಟು ಪ್ರತಿ ಚೇಂಬರನ್ನೂ ಅಳೆ. ಗ್ಯಾಸ್ಕೆಟ್ಟಿನ ದಪ್ಪವನ್ನೂ ಸೇರಿಸಿಕೊ.

ಆಕ್ಟೇನ್ ಜಾಸ್ತಿಯಾದರೆ ಪೆಟ್ರೋಲಿಗೆ ಶಕ್ತಿ ಜಾಸ್ತಿ ಅಂತ ನಿನ್ನ ಗೆಳೆಯರು ಹೇಳಿರಬಹುದು, ನಂಬಬೇಡ. ಒತ್ತಡಕ್ಕೂ ಬಿಸಿಗೂ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ ಅದು. ಪ್ಲಗ್ಗಿನ ಕಿಡಿಯಿಂದ ಉರಿ ಹರಡುತ್ತಾ ಬರುವಾಗ, ಮೂಲೆಯಲ್ಲಿ ಉಳಿದ ಮಿಶ್ರಣ ಹಿಂಡಿಸಿಕೊಂಡು ಒಮ್ಮೆಲೇ ಸಿಡಿದರೆ ಅದೇ ನಾಕಿಂಗ್. ಪಿಸ್ಟನ್ ರಿಂಗಿನ ಅಂಚು ಮುರಿಯುವುದು, ಹೆಡ್ ಗ್ಯಾಸ್ಕೆಟ್ ಹಾರುವುದು ಇದರಿಂದ. ಅಮೆರಿಕದವರ ವಿಡಿಯೋ ನೋಡಿ 87, 93 ಅಂತ ಲೆಕ್ಕ ಹಾಕಬೇಡ. ಅಲ್ಲಿ ಎರಡು ಬಗೆಯ ಪರೀಕ್ಷೆಯ ಸರಾಸರಿ ಬರೆಯುತ್ತಾರೆ, ನಮ್ಮಲ್ಲಿ ಅವುಗಳಲ್ಲಿ ರಾನ್ (RON) ಎಂಬ ಒಂದನ್ನೇ. ಅವರ 87 ಹೆಚ್ಚುಕಡಿಮೆ ನಮ್ಮ ಹಳೆಯ 91. ಈಗ ಇಲ್ಲಿ ಸಾದಾ ಪೆಟ್ರೋಲಿಗೇ 20% ಎಥನಾಲ್ ಬೆರೆಯುತ್ತದೆ, ಅದರ ರಾನ್ 95ರ ಮಟ್ಟದ್ದು. ನಾಕಿಂಗಿಗೆ ಅದು ಒಳ್ಳೆಯದೇ. ಆದರೆ ಕಾರ್ಬೊರೇಟರ್ ಗಾಡಿಯಲ್ಲಿ ಮಿಶ್ರಣ ತೆಳುವಾಗುತ್ತದೆ, ತೆಳುವಾದರೆ ಬಿಸಿ ಏರುತ್ತದೆ. ಜೆಟ್ ನೋಡಿಸು, ಹಳೇ ರಬ್ಬರ್ ಪೈಪುಗಳನ್ನು ಬದಲಿಸಿಬಿಡು.

ಇದಕ್ಕಿಂತ ಮುಖ್ಯ, ನೀನು ಗಾಡಿ ಟ್ಯೂನ್ ಮಾಡುವ ಜಾಗ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಕಮ್ಮಿ. ಸಿಲಿಂಡರಿಗೆ ತುಂಬುವ ಗಾಳಿಯೂ ಅಷ್ಟು ಕಮ್ಮಿ. ಇಲ್ಲಿನ ತಂಪಿನಲ್ಲಿ ಒಂದು ಸದ್ದೂ ಇಲ್ಲದೆ ಓಡಿದ ಎಂಜಿನ್, ಏಪ್ರಿಲಿನಲ್ಲಿ ಮಂಗಳೂರಿಗಿಳಿದು, ನಾಲ್ಕು ಜನರನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಹತ್ತುವಾಗ ಕಟಕಟ ಅನ್ನತೊಡಗುತ್ತದೆ. ಕೆಟ್ಟದ್ದು ಪೆಟ್ರೋಲ್ ಅಲ್ಲ, ಬೆಂಗಳೂರಿನ ಲೆಕ್ಕವನ್ನು ಕರಾವಳಿಗೆ ಒಯ್ದದ್ದು. ಆದ್ದರಿಂದ ನಿನ್ನ ಗಾಡಿ ಹೋಗುವ ಅತಿ ಬಿಸಿಯ ದಾರಿ, ಅತಿ ಭಾರದ ದಿನ, ಆ ದಾರಿಯ ಸಣ್ಣ ಊರಿನ ಬಂಕಿನಲ್ಲಿ ಸಿಗುವ ಪೆಟ್ರೋಲ್, ಈ ಮೂರನ್ನೂ ಒಟ್ಟಿಗಿಟ್ಟು ಕಂಪ್ರೆಷನ್ ಇಟ್ಟುಕೊ. 100 ಆಕ್ಟೇನ್ ಸಿಗುವುದು ದೊಡ್ಡ ಊರುಗಳ ಕೆಲವೇ ಬಂಕುಗಳಲ್ಲಿ. ಅದನ್ನು ನಂಬಿ ಹೆಡ್ ಕೆತ್ತಿಸಿದವನು ಸಕಲೇಶಪುರದಲ್ಲಿ ಏನು ಹಾಕಿಸುತ್ತಾನೆ?

ಟೈಮಿಂಗ್ ಹಿಂದಕ್ಕೆ ತಿರುಗಿಸಿದರೆ ನಾಕಿಂಗ್ ಅಡಗುತ್ತದೆ, ನಿಜ. ಒಂದೆರಡು ಡಿಗ್ರಿ ಸರಿ. ಅದಕ್ಕಿಂತ ಹೆಚ್ಚು ಬೇಕಾಯಿತು ಅಂದರೆ ಕಂಪ್ರೆಷನ್ನಿನಿಂದ ಗಳಿಸಿದ್ದೆಲ್ಲ ಸೈಲೆನ್ಸರಿನಲ್ಲಿ ಹೋಯಿತು ಅಂತ ತಿಳಿ. ಆಗ ದಪ್ಪ ಗ್ಯಾಸ್ಕೆಟ್ ಹಾಕಿ ಇಳಿಸಿಕೊಳ್ಳುವುದೇ ಮೇಲು, ನಾಚಿಕೆಪಡಬೇಡ.

ಮೊದಲ ಸಲ ಏರು ಹತ್ತುವಾಗ ಹಾಡು ಹಾಕಬೇಡ, ಕಿಟಕಿ ಇಳಿಸಿ ಕಿವಿಗೊಟ್ಟು ಕೇಳು. ಸದ್ದು ಬಂದರೆ ಕಾಲು ಸಡಿಲಿಸಿ ಗೇರ್ ಇಳಿಸು. ಮನೆಗೆ ಬಂದು ಪ್ಲಗ್ ಬಿಚ್ಚಿ ಬಿಳಿ ಪಿಂಗಾಣಿ ನೋಡು. ಅದರ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಇದ್ದರೆ ನಾಕಿಂಗ್ ಆಗಿದೆ ಅಂತ ತಿಳಿ. ಬೆಳ್ಳಿಯಂತೆ ಮಿನುಗುವ ಕಣಗಳಿದ್ದರೆ, ಪಿಸ್ಟನ್ನಿನ ಅಲ್ಯೂಮಿನಿಯಂ ಕರಗತೊಡಗಿದೆ. ಆ ಗಾಡಿಯನ್ನು ಮತ್ತೆ ರಸ್ತೆಗೆ ತರಬೇಡ.

ಎಲ್ಲ ಸರಿಯಾಯಿತು ಅನ್ನಿಸಿದ ದಿನ, ಅಳೆದ ಕಂಪ್ರೆಷನ್, ಗ್ಯಾಸ್ಕೆಟ್ಟಿನ ದಪ್ಪ, ಟೈಮಿಂಗಿನ ಡಿಗ್ರಿ, ಹಾಕಬೇಕಾದ ಆಕ್ಟೇನ್ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸು. ನಾಳೆ ಗಾಡಿ ಮಾರಿದರೆ ಕೊಂಡವನಿಗೆ ಅದು ಗೊತ್ತಾಗಬೇಕು.